ವ್ಯಾಟ್ ಆಮೇಲೆ, ಮೊದಲು ಧ್ವನಿಮಟ್ಟ: ಟ್ರಾನ್ಸೀವರನ್ನು ಡಿಜಿಟಲ್‌ಗೆ ಸಜ್ಜುಗೊಳಿಸುವುದು ಹೇಗೆ?

ಸಾಧಾರಣ ಆಂಟೆನಾ, 100 ವ್ಯಾಟ್‌ನ ರಿಗ್ (ಅಂದರೆ ಟ್ರಾನ್ಸೀವರ್, ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ರೇಡಿಯೊ). ಮೈಕ್ ಹಿಡಿದು ಎಷ್ಟು ಕರೆದರೂ ದೂರದವರು ಓಗೊಡುವುದಿಲ್ಲ. ಇಂಥ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊ ಬಳಕೆದಾರರ) ಕೈಹಿಡಿದಿರುವುದು ಎಫ್‌ಟಿ8. ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಹೊರತಂದ ಈ ಡಿಜಿಟಲ್ ವಿಧಾನ ಕಂಪ್ಯೂಟರಿನ ಚುಟುಕು ಸಂದೇಶಗಳನ್ನು ಶಿಳ್ಳೆಯಂಥ ಸ್ವರಗಳಾಗಿ ಕಳಿಸುತ್ತದೆ, ಗದ್ದಲಕ್ಕಿಂತ ಸುಮಾರು 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಹೆಕ್ಕಿ ತೆಗೆಯುತ್ತದೆ. ಇನ್ನೊಂದು ನಕ್ಷತ್ರದೊಡನೆ ಜೋಡಿಯಾಗಿ ಸುತ್ತುವ ಪಲ್ಸಾರ್ (ರೇಡಿಯೊ ಮಿಡಿತ ಕಳಿಸುವ ನಕ್ಷತ್ರ) ಪತ್ತೆಗಾಗಿ 1993ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಟೇಲರ್ ಇವರೇ. ಆಕಾಶದ ಕ್ಷೀಣ ಸಂಕೇತಗಳನ್ನು ಹುಡುಕಿದವರಿಗೆ ಇದು ಅಂಥ ದೊಡ್ಡ ಮಾತಲ್ಲವೇನೋ!

ಪರವಾನಗಿ, ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಹೆಸರು) ಎರಡೂ ಇವೆ ಎಂದುಕೊಂಡೇ ಮುಂದೆ ಹೋಗೋಣ. ವೈರು ಜೋಡಿಸುವುದು ಸುಲಭ; ಹೆಚ್ಚಿನವರು ಎಡವುವುದು ಧ್ವನಿಮಟ್ಟ ಹೊಂದಿಸುವಾಗ. ಆದ್ದರಿಂದ ಮೊದಲು ರಿಗ್ ಕಂಪ್ಯೂಟರಿನ ಮಾತು ಕೇಳಬೇಕು, ಆಮೇಲೆ ಬೇರೆಯವರ ಸಂಕೇತಗಳು ನಮಗೆ ಕೇಳಿಸಬೇಕು, ಪ್ರಸಾರ ಕೊನೆಗೆ. ಈ ಕ್ರಮ ತಪ್ಪಿಸಿದರೆ ತೊಂದರೆ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಕೇಬಲ್ ಮತ್ತು ರಿಗ್‌ನ ಮೆನು

ಐಕಾಮ್ ಐಸಿ-7300ರಂಥ ಈಚಿನ ರಿಗ್‌ಗಳ ಒಳಗೇ ಸೌಂಡ್ ಕಾರ್ಡ್ ಇರುತ್ತದೆ. ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಧ್ವನಿ ಹೋಗಿ ಬರುತ್ತದೆ, ಆದೇಶಗಳೂ ಸಾಗುತ್ತವೆ. ಕೇಬಲ್ ಚುಚ್ಚುವ ಮೊದಲೇ ತಯಾರಕರ ಡ್ರೈವರ್ ಹಾಕಿಕೊಳ್ಳಿ. ಹಳೆಯ ರಿಗ್ ಆದರೆ ನಡುವೆ ಒಂದು ಇಂಟರ್‌ಫೇಸ್ ಪೆಟ್ಟಿಗೆ ಬೇಕು. ಅದನ್ನು ಮೈಕ್ ಸಾಕೆಟ್‌ಗೆ ಸಿಕ್ಕಿಸುವ ಬದಲು ಹಿಂಬದಿಯ ಡೇಟಾ ಸಾಕೆಟ್‌ಗೆ ಜೋಡಿಸುವುದು ಒಳ್ಳೆಯದು. ಧ್ವನಿಯ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಯನ್ನೇ ಆರಿಸಿಕೊಂಡರೆ ಗುಂಯ್ ಎನ್ನುವ ಹಮ್ ಕಾಡುವುದಿಲ್ಲ.

ಮೆನುವಿನಲ್ಲಿ ಅಪ್ಪರ್ ಸೈಡ್‌ಬ್ಯಾಂಡ್ (ಸಂಕೇತದ ಮೇಲ್ಬದಿಯ ಪಟ್ಟಿಯನ್ನಷ್ಟೇ ಕಳಿಸುವ ಕ್ರಮ) ಡೇಟಾ ಮೋಡ್ ಆರಿಸಿ. 40 ಮೀಟರ್ ಬ್ಯಾಂಡ್‌ನಲ್ಲಿ ಮಾತಿಗೆ ಲೋವರ್ ಸೈಡ್‌ಬ್ಯಾಂಡ್ ಬಳಸುವುದು ರೂಢಿ. ಎಫ್‌ಟಿ8ಗೆ ಮಾತ್ರ ಅಲ್ಲಿಯೂ ಅಪ್ಪರ್. ಫಿಲ್ಟರ್ ಅಗಲ 3 ಕಿಲೋಹರ್ಟ್ಸ್ ಇರಲಿ. ಸ್ಪೀಚ್ ಕಂಪ್ರೆಸರ್, ನಾಯ್ಸ್ ರಿಡಕ್ಷನ್, ನಾಯ್ಸ್ ಬ್ಲಾಂಕರ್ ಎಲ್ಲವನ್ನೂ ಆಫ್ ಮಾಡಿಬಿಡಿ. ಆಟೊ ನಾಚ್ ಆಫ್ ಮಾಡುವುದನ್ನು ಮರೆಯಲೇಬೇಡಿ: ಒಂದೇ ಸಮ ಕೂಗುವ ಶಿಳ್ಳೆಗಳನ್ನು ಅಳಿಸುವುದೇ ಅದರ ಕೆಲಸ, ನಮಗೆ ಬೇಕಿರುವುದೂ ಆ ಶಿಳ್ಳೆಗಳೇ. ಪ್ರಸಾರದ ಧ್ವನಿ ಎಲ್ಲಿಂದ ಬರಬೇಕು ಎಂಬ ಆಯ್ಕೆಯಲ್ಲಿ ಯುಎಸ್‌ಬಿ ಇರಬೇಕು. ಅದು ಮೈಕ್‌ನಲ್ಲೇ ಉಳಿದರೆ ಕೋಣೆಯ ಫ್ಯಾನ್ ಸದ್ದು ಲೋಕಕ್ಕೆಲ್ಲ ಪ್ರಸಾರವಾದೀತು.

ಗಡಿಯಾರ ಸರಿಯಿಲ್ಲದಿದ್ದರೆ ಏನೂ ಇಲ್ಲ

ಎಫ್‌ಟಿ8 ನಡೆಯುವುದು 15 ಸೆಕೆಂಡಿನ ಸರದಿಗಳಲ್ಲಿ. ಪ್ರತಿ ನಿಮಿಷದ 0, 15, 30, 45ನೇ ಸೆಕೆಂಡಿಗೆ ಸರದಿ ಶುರು, ಪ್ರಸಾರ 12.64 ಸೆಕೆಂಡು. ನಿಮ್ಮ ಕಂಪ್ಯೂಟರ್ ಗಡಿಯಾರ ಎರಡು ಸೆಕೆಂಡು ಆಚೀಚೆಯಾದರೆ ವಾಟರ್‌ಫಾಲ್ (ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ) ತುಂಬ ಗೆರೆಗಳು ಕಾಣುತ್ತವೆ, ಪರದೆಯಲ್ಲಿ ಒಂದಕ್ಷರವೂ ಮೂಡುವುದಿಲ್ಲ. ವಿಂಡೋಸ್ ತನ್ನಷ್ಟಕ್ಕೆ ಸಮಯ ಸರಿಪಡಿಸಿಕೊಳ್ಳುವುದು ಅಪರೂಪ. ಅಂತರ್ಜಾಲದ ಸಮಯ ಸರ್ವರ್‌ಗಳಿಗೆ ಆಗಾಗ ಹೊಂದಿಸುವ ಎನ್‌ಟಿಪಿ ತಂತ್ರಾಂಶ ಹಾಕಿಕೊಳ್ಳಿ. ಡಿಕೋಡ್ ಆದ ಸಾಲುಗಳಲ್ಲಿ ಡಿಟಿ (ಸೆಕೆಂಡುಗಳಲ್ಲಿ ಸಮಯದ ವ್ಯತ್ಯಾಸ) ಎಂಬ ಕಾಲಂ ಇದೆ. ಅಲ್ಲಿ ಎಲ್ಲರ ಎದುರೂ 1.2, 1.3 ಎಂದೇ ಬರುತ್ತಿದ್ದರೆ ತಪ್ಪು ಅವರದ್ದಲ್ಲ, ನಿಮ್ಮ ಗಡಿಯಾರದ್ದು.

ತಂತ್ರಾಂಶದ ಒಳಗೆ

ಎಫ್‌ಟಿ8 ನಡೆಸಲು ಉಚಿತವಾಗಿ ಸಿಗುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಕಾಲ್‌ಸೈನ್ ಮತ್ತು ಗ್ರಿಡ್ ಲೊಕೇಟರ್ (ನಿಮ್ಮ ಜಾಗ ಎಲ್ಲಿದೆ ಎಂದು ಹೇಳುವ ಚಿಕ್ಕ ಸಂಕೇತ) ತುಂಬಿ. ಆಡಿಯೊ ಪುಟದಲ್ಲಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ರಿಗ್‌ನ ಸೌಂಡ್ ಕಾರ್ಡನ್ನೇ ಆರಿಸಬೇಕು. ಸಾಮಾನ್ಯವಾಗಿ ಅದು ‘ಯುಎಸ್‌ಬಿ ಆಡಿಯೊ ಕೋಡೆಕ್’ ಎಂದು ಕಾಣಿಸುತ್ತದೆ. ಕಂಪ್ಯೂಟರಿನ ಇತರ ಸದ್ದುಗಳು ಬೇರೆ ಸ್ಪೀಕರ್‌ಗೆ ಹೋಗಲಿ. ಇಲ್ಲದಿದ್ದರೆ ಇಮೇಲ್ ಬಂದಾಗಿನ ಟಿಂಗ್ ಕೂಡ ಆಂಟೆನಾ ಹತ್ತುತ್ತದೆ.

ರೇಡಿಯೊ ಪುಟದಲ್ಲಿ ಮಾಡೆಲ್, ಪೋರ್ಟ್, ಬಾಡ್ ರೇಟ್ (ಆದೇಶಗಳು ಸಾಗುವ ವೇಗ) ಕೊಡಬೇಕು. ಬಾಡ್ ರೇಟ್ ರಿಗ್‌ನ ಮೆನುವಿನಲ್ಲಿ ಎಷ್ಟಿದೆಯೋ ಅಷ್ಟೇ ಇಲ್ಲಿಯೂ ಇರಬೇಕು. ಯಾಎಸು (Yaesu) ಕಂಪನಿಯ ರಿಗ್‌ಗಳು ಹಲವು ಸಲ ಎರಡು ಪೋರ್ಟ್ ತೋರಿಸುತ್ತವೆ. ಆದೇಶಕ್ಕೆ ಬೇಕಾದದ್ದು ‘ಎನ್‌ಹ್ಯಾನ್ಸ್ಡ್’ ಎಂಬ ಹೆಸರಿನದು. ‘ಟೆಸ್ಟ್ ಕ್ಯಾಟ್’ ಒತ್ತಿದಾಗ ಗುಂಡಿ ಹಸಿರಾದರೆ ರಿಗ್ ನಿಮ್ಮ ಮಾತು ಕೇಳುತ್ತಿದೆ ಎಂದರ್ಥ. ಪ್ರಸಾರ ಪರೀಕ್ಷಿಸುವ ‘ಟೆಸ್ಟ್ ಪಿಟಿಟಿ’ ಸದ್ಯಕ್ಕೆ ಬೇಡ.

ಈಗ 20 ಮೀಟರ್‌ನಲ್ಲಿ 14.074 ಅಥವಾ 40 ಮೀಟರ್‌ನಲ್ಲಿ 7.074 ಮೆಗಾಹರ್ಟ್ಸ್‌ಗೆ ಹೋಗಿ. ಬರೀ ಗದ್ದಲ ಇರುವಾಗ ಎಡಗಡೆಯ ಪಟ್ಟಿ 30 ಡೆಸಿಬೆಲ್ ಸುತ್ತಮುತ್ತ ಹಸಿರಾಗಿ ನಿಲ್ಲುವಂತೆ ಒಳಬರುವ ಮಟ್ಟ ಹೊಂದಿಸಿ. ಕಾಲ್‌ಸೈನ್‌ಗಳು ಸಾಲುಸಾಲಾಗಿ ಇಳಿಯತೊಡಗಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಸಂಜೆ ಹಾಗೇ ಕೇಳುತ್ತಾ ಕೂರುವುದು ಕಾಲಹರಣವೇನಲ್ಲ. ಯಾವ ಬ್ಯಾಂಡ್ ಯಾವಾಗ ತೆರೆಯುತ್ತದೆಂದು ಅದರಿಂದಲೇ ಗೊತ್ತಾಗುವುದು.

ಪ್ರಸಾರ: ಇಲ್ಲಿ ಆತುರ ಬೇಡ

ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಶಕ್ತಿಯನ್ನು ಹೊರಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಾಕಿ. ಈಗ ‘ಟೆಸ್ಟ್ ಪಿಟಿಟಿ’ ಒತ್ತಿ ನೋಡಿ. ಗುಂಡಿ ಕೆಂಪಾಗಿ ರಿಗ್ ಪ್ರಸಾರಕ್ಕೆ ಹೊರಳಬೇಕು. ಮತ್ತೆ ಒತ್ತಿ ನಿಲ್ಲಿಸಿ. 100 ವ್ಯಾಟ್ ರಿಗ್ ಆದರೆ ಶಕ್ತಿಯನ್ನು 30 ವ್ಯಾಟ್‌ಗೆ ಇಳಿಸಿ. ಮಾತಾಡುವಾಗ ಪೂರ್ತಿ ಶಕ್ತಿ ಹೊರಡುವುದು ಆಗಾಗ ಮಾತ್ರ, ಎಫ್‌ಟಿ8ನಲ್ಲಿ ಪ್ರತಿ ಸರದಿಯ 12.64 ಸೆಕೆಂಡೂ ಪೂರ್ತಿ ಶಕ್ತಿಯೇ, ರಿಗ್ ಬಿಸಿಯಾಗುತ್ತದೆ. ಬಲಗಡೆಯ ಪವರ್ ಸ್ಲೈಡರನ್ನು ಪೂರ್ತಿ ತಗ್ಗಿಸಿ ‘ಟ್ಯೂನ್’ ಒತ್ತಿ. ರಿಗ್‌ನ ಮೀಟರ್ ಎಎಲ್‌ಸಿಯಲ್ಲಿರಲಿ (ಧ್ವನಿ ಮಿತಿಮೀರಿದಾಗ ಅದನ್ನು ತಗ್ಗಿಸುವ ವ್ಯವಸ್ಥೆ ಇದು). ಸ್ಲೈಡರ್ ನಿಧಾನಕ್ಕೆ ಏರಿಸಿ. ಎಎಲ್‌ಸಿ ಮುಳ್ಳು ಅಲುಗಿದ ಕೂಡಲೇ ಅದು ಮತ್ತೆ ಸೊನ್ನೆಗೆ ಬರುವಷ್ಟು ಇಳಿಸಿ. ಹೆಚ್ಚಿನ ರಿಗ್‌ಗಳಿಗೆ ಇದೇ ಸೂತ್ರ. ಎಲೆಕ್ರಾಫ್ಟ್ ಕಂಪನಿಯವು ಮಾತ್ರ ಎಎಲ್‌ಸಿ ಪಟ್ಟಿಯಲ್ಲಿ ನಾಲ್ಕೈದು ಗೆರೆ ಕೇಳುತ್ತವೆ, ಕೈಪಿಡಿ ನೋಡಿಕೊಳ್ಳಿ.

ಇಷ್ಟು ನಾಜೂಕು ಯಾಕೆ? ಧ್ವನಿ ಮಿತಿಮೀರಿದರೆ 800 ಹರ್ಟ್ಸ್‌ನ ನಿಮ್ಮ ಸ್ವರದ ಜೊತೆ 1600, 2400ರಲ್ಲೂ ಅದರ ಭೂತಗಳು ಹುಟ್ಟಿಕೊಳ್ಳುತ್ತವೆ. ಒಬ್ಬರೇ ಮೂರು ಕಡೆ ಜಾಗ ಹಿಡಿದು ಕೂತಂತೆ. ಸೆಟ್ಟಿಂಗ್ಸ್‌ನಲ್ಲಿ ಸ್ಪ್ಲಿಟ್ ಆಯ್ಕೆಗೆ ‘ಫೇಕ್ ಇಟ್’ ಕೊಟ್ಟರೆ ತಂತ್ರಾಂಶ ಸ್ವರವನ್ನು ಸದಾ 1500ರಿಂದ 2000 ಹರ್ಟ್ಸ್ ನಡುವೆ ಇಟ್ಟುಕೊಂಡು, ವ್ಯತ್ಯಾಸವನ್ನು ಡಯಲ್ ಸರಿಸಿ ತುಂಬುತ್ತದೆ. ಆಗ ಭೂತಗಳು 3000 ಹರ್ಟ್ಸ್ ದಾಟಿ ರಿಗ್‌ನ ಫಿಲ್ಟರ್‌ನಲ್ಲೇ ಸಾಯುತ್ತವೆ. ಪಿಎಸ್‌ಕೆ31 ಎಂಬ ಇನ್ನೊಂದು ಡಿಜಿಟಲ್ ವಿಧಾನ ಬಳಸುವವರು ಇನ್ನೂ ಎಚ್ಚರ ವಹಿಸಬೇಕು. ಎಫ್‌ಟಿ8 ಸಂಕೇತದ ಬಲ ಒಂದೇ ಸಮನಾಗಿರುತ್ತದೆ, ಪಿಎಸ್‌ಕೆಯದು ಏರಿಳಿಯುತ್ತದೆ. ಒತ್ತಿ ಕಳಿಸಿದರೆ ಅಕ್ಕಪಕ್ಕಕ್ಕೆಲ್ಲ ಹರಡುತ್ತದೆ.

ಆಂಟೆನಾ ಮತ್ತೆ ಜೋಡಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ನೋಡಿ. ವಾಟರ್‌ಫಾಲ್‌ನಲ್ಲಿ ಖಾಲಿ ಜಾಗ ಹುಡುಕಿ, ‘ಹೋಲ್ಡ್ ಟಿಎಕ್ಸ್ ಫ್ರೀಕ್ವೆನ್ಸಿ’ಗೆ ಗುರುತು ಹಾಕಿ, ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕೂಗು) ಕರೆಯುತ್ತಿರುವ ಯಾರದಾದರೂ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಗ್ರಿಡ್, ಡೆಸಿಬೆಲ್ ವರದಿ, ಆರ್‌ಆರ್73 (ತಲುಪಿತು, ಶುಭಾಶಯ), 73 (ಶುಭಾಶಯ): ಮುಂದಿನದೆಲ್ಲ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಯಾರೂ ಉತ್ತರಿಸದಿದ್ದರೂ ಪಿಎಸ್‌ಕೆ ರಿಪೋರ್ಟರ್ ಎಂಬ ಜಾಲತಾಣದ ನಕ್ಷೆ ತೆರೆದು ನೋಡಿ. ನಿಮ್ಮನ್ನು ಕೇಳಿಸಿಕೊಂಡವರು ಅಲ್ಲಿ ಕಾಣಿಸುತ್ತಾರೆ.

ಪ್ರಸಾರ ಶುರುವಾದೊಡನೆ ಯುಎಸ್‌ಬಿ ಸಂಪರ್ಕ ಕಡಿದು ಬೀಳುತ್ತಿದೆಯೇ? ಶಕ್ತಿಯನ್ನು 5 ವ್ಯಾಟ್‌ಗೆ ಇಳಿಸಿ ನೋಡಿ. ತೊಂದರೆ ಮಾಯವಾದರೆ ರೇಡಿಯೊ ಅಲೆ ಕೇಬಲ್ ಹಿಡಿದು ಕಂಪ್ಯೂಟರಿಗೆ ನುಗ್ಗುತ್ತಿದೆ. ಕೇಬಲ್‌ನ ಎರಡೂ ತುದಿಗೆ ಫೆರೈಟ್ ಉಂಗುರ ಹಾಕಿ, ಆಂಟೆನಾದ ಬುಡದಲ್ಲಿ ಚೋಕ್ (ಅಲೆ ಕೇಬಲ್ ಹಿಡಿದು ಹಿಂದಕ್ಕೆ ಬಾರದಂತೆ ತಡೆಯುವ ಸಾಧನ) ಇಡಿ. ತೊಂದರೆ ಆಗಲೂ ಇದ್ದರೆ ಕೇಬಲ್ಲನ್ನೇ ಬದಲಿಸಿ ನೋಡಿ.

ಬ್ಯಾಂಡ್ ಬದಲಿಸಿದಾಗೆಲ್ಲ ಎಎಲ್‌ಸಿ ಇನ್ನೊಮ್ಮೆ ನೋಡಿಕೊಳ್ಳಿ, 20 ಮೀಟರ್‌ನ ಸ್ಲೈಡರ್ ಮಟ್ಟ 10 ಮೀಟರ್‌ಗೆ ಒಪ್ಪಬೇಕೆಂದಿಲ್ಲ. ಪ್ರತಿ ಬ್ಯಾಂಡ್‌ನ ಮಟ್ಟವನ್ನು ನೆನಪಿಟ್ಟುಕೊಳ್ಳುವ ಆಯ್ಕೆ ಆಡಿಯೊ ಪುಟದ ಕೆಳಗಡೆ ಇದೆ.