ಸಾಲದ ಮನೆಗೆ ಹೋದಾಗ ಕೇಳಬೇಕಾದ ಮಾತು

ನಾನು ಹಾವೇರಿ ಕಡೆಯ ಆಶಾ ಕಾರ್ಯಕರ್ತೆ. ಸಾಲ, ಬೆಳೆ ನಷ್ಟ ಇರುವ ಮನೆಗೆ ಹೋದರೆ ಮೊದಲು ಸುಮ್ನೆ ಕೂತು ಚಹಾ ಕುಡಿಯಿರಿ. ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ವಿಚಾರಿಸಿ. ಆಮೇಲೆ ನೇರವಾಗಿ ಕೇಳಿ: "ಅಣ್ಣಾ, ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನರ ಎದೆ ಹಗುರಾಗುತ್ತದೆ.

ಹೋದ ಮುಂಗಾರಿನಲ್ಲಿ ಒಬ್ಬರು ಉತ್ತರ ಕೊಡದೆ ಟವೆಲಿನ ಅಂಚು ಹಿಂಡುತ್ತಾ ಕೂತರು. ನನಗೆ ಅರ್ಥವಾಯಿತು. ಅವರನ್ನು ಒಂಟಿಯಾಗಿ ಬಿಡಲಿಲ್ಲ. ಹೊಲದ ಔಷಧಿಯನ್ನೆಲ್ಲ ಅವರ ತಮ್ಮನ ಮನೆಗೆ ಸಾಗಿಸಿ ಬೀಗ ಹಾಕಿಸಿದೆ. ಆ ಕೆಟ್ಟ ಗಳಿಗೆ ದಾಟುವುದೇ ಮುಖ್ಯ, ಅಲ್ವಾ? ಅವರೆದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾರನೇ ದಿನ ಮನೋವೈದ್ಯರ ಹತ್ತಿರ ಕರೆದೊಯ್ದೆವು.

ಮನೆಯ ಹೆಂಗಸರನ್ನು, ಪರೀಕ್ಷೆ ಬರೆದ ಮಕ್ಕಳನ್ನೂ ಬೇರೆಯಾಗಿ ಕೇಳಿ. ವಾರ ಬಿಟ್ಟು ಮತ್ತೆ ಹೋಗಿ.