ಜರ್ಮನಿಗೆ ಹೋದ್ಮೇಲೆ ನಾನು ಮೊದ್ಲು ಕೇಳಿದ್ದು ಕೆಳಗಿನ ಮನೆ ಅಜ್ಜೀನ

ಈ ಸಲ ರಜಕ್ಕೆ ಹಾಸನಕ್ಕೆ ಬಂದಾಗಿಂದ, ಜರ್ಮನಿಗೆ ಎಂಎಸ್ ಮಾಡಕ್ಕೆ ಹೊರಟಿರೋ ಹುಡುಗ್ರು ಒಬ್ರಾದ್ಮೇಲೆ ಒಬ್ರು ಕೇಳ್ತಿದಾರೆ, ಅಣ್ಣಾ ಅಲ್ಲಿ ಜನಕ್ಕೆ ಬೇಜಾರಾಗ್ದಂಗೆ ಇರೋದು ಹೆಂಗೆ ಅಂತ. ನಾನಿರೋದು ಸ್ಟುಟ್‌ಗಾರ್ಟ್‌ನಲ್ಲಿ, ಅಲ್ಲಿ ನಾನೇನು ಮಾಡ್ದೆ ಅಷ್ಟನ್ನೇ ಬರೀತೀನಿ.

ಯೂಟ್ಯೂಬ್ ವಿಡಿಯೋದಲ್ಲಿ ಇಡೀ ದೇಶದ್ದು ಹೇಳ್ತಾರೆ, ನಾವಿರೋ ಬಿಲ್ಡಿಂಗ್‌ದು ಯಾರೂ ಹೇಳಲ್ಲ. ಅದಕ್ಕೆ ಮನೆ ಸಿಕ್ಕಿದ ವಾರನೇ ಅಗ್ರಿಮೆಂಟ್ ಜೊತೆ ಕೊಟ್ಟಿದ್ದ ಬಿಲ್ಡಿಂಗ್ ರೂಲ್ಸ್ ಹಾಳೆ ಹಿಡ್ಕೊಂಡು ಕೆಳಗಿನ ಮನೆ ಅಜ್ಜಿ ಹತ್ರ ಹೋದೆ. ಸುಮ್ನೆ ಹೋಗಿ ಬಾಗಿಲು ತಟ್ಟಲಿಲ್ಲ, ಮೆಟ್ಲ ಹತ್ರ ಸಿಕ್ಕಾಗ ಯಾವತ್ತು ಬರ್ಲಿ ಅಂತ ಕೇಳಿ, ಅವ್ರು ಹೇಳಿದ ಟೈಮಿಗೆ ಕರೆಕ್ಟಾಗಿ ಹೋಗಿ, ಗೊತ್ತಿದ್ದ ಅರ್ಧಂಬರ್ಧ ಜರ್ಮನ್‌ನಲ್ಲೇ ಒಂದೊಂದು ಲೈನೂ ಕೇಳಿ ತಿಳ್ಕೊಂಡೆ. ಕೇಳಕ್ಕೆ ಬಂದ ಅಂತ ಆಯಮ್ಮಂಗೆ ಖುಷಿನೇ ಆಯ್ತು.

ಆ ಕಡೆ ಕೇರ್‌ವೋಖೆ ಅಂತ ಒಂದಿದೆ. ಬಾಡಿಗೆಯವ್ರು ಸರದಿ ಪ್ರಕಾರ ಮೆಟ್ಲು, ಕೆಲವು ಕಡೆ ಮನೆ ಮುಂದಿನ ಫುಟ್‌ಪಾತೂ ಗುಡಿಸ್ಬೇಕು, ಚಳಿಗಾಲದಲ್ಲಿ ಹಿಮ ಎತ್ತಾಕ್ಬೇಕು. ಸರದಿ ಯಾರ್ದೋ ಅವ್ರ ಬಾಗ್ಲಿಗೆ ಒಂದು ಬೋರ್ಡು ತೂಗ್ಹಾಕ್ತಾರೆ. ಬೆಳಗೆದ್ದು ಬಾಗ್ಲಿಗೆ ನೀರ್ ಹಾಕಿ ಗುಡಿಸೋ ಊರಿಂದ ಹೋಗಿರೋ ನಮಗೆ ಇದು ಕಷ್ಟ ಅಲ್ವೇ ಅಲ್ಲ, ಆದ್ರೆ ಕೊಳೆ ಕಾಣ್ತಿಲ್ಲ ಅಂತ ಬಿಡಂಗಿಲ್ಲ, ಗುಡಿಸಿದ್ದು ನಾಲ್ಕು ಜನಕ್ಕೆ ಕಾಣ್ಬೇಕು. ನಾನು ಶನಿವಾರ ಬೆಳಗ್ಗೆ ಮಾಡ್ತಿದ್ದೆ, ಅದ್ರಿಂದ್ಲೇ ಇಡೀ ಬಿಲ್ಡಿಂಗ್ ಜನ ಪರಿಚಯ ಆಗಿದ್ದು.

ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಅವತ್ತು ಡ್ರಿಲ್ ಹಾಕೋದು, ಖಾಲಿ ಬಾಟ್ಲಿ ತಗೊಂಡೋಗಿ ಗಾಜು ಹಾಕೋ ಡಬ್ಬಕ್ಕೆ ಎಸೆಯೋದೂ ಮಾಡಂಗಿಲ್ಲ, ಸದ್ದಾಗುತ್ತೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ಅಷ್ಟೇ. ಕಸದ ಡಬ್ಬಗಳ ಬಣ್ಣ ಊರಿಂದೂರಿಗೆ ಬೇರೆ, ಅಲ್ಲೇ ಕೇಳ್ಕೊಳಿ.

ಒಗ್ಗರಣೆ ವಾಸನೆ ವಿಷಯ ಎಲ್ರೂ ಕೇಳ್ತಾರೆ. ಅಡುಗೆ ನಿಲ್ಲಿಸ್ಬೇಡಿ, ನಮ್ಮ ಸಾರು ತಪ್ಪಲ್ಲ. ಮೆಟ್ಲ ಕಡೆ ಬಾಗ್ಲು ಮುಚ್ಚಿ, ಕಿಟಕಿ ಪೂರ್ತಿ ತೆಗೀರಿ. ಅವ್ರೂ ಚಳೀಲೂ ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ತೆಗೀತಾರೆ, ಇಲ್ದಿದ್ರೆ ಗೋಡೆಗೆ ಬೂಷ್ಟು ಬರುತ್ತೆ, ಎಷ್ಟೋ ಅಗ್ರಿಮೆಂಟಲ್ಲೂ ಬರ್ದಿರ್ತಾರೆ.

ಇನ್ನು ಡಾಕ್ಟ್ರ ಹತ್ರ ಹೋದ್ರೆ, ಕಾಯೋ ರೂಮಿಗೆ ಕಾಲಿಟ್ಟ ತಕ್ಷಣ ಕೂತಿರೋರಿಗೆಲ್ಲ ಸೇರ್ಸಿ ಒಂದು ನಮಸ್ಕಾರ ಹೇಳಿ ಕೂತ್ಕೋಬೇಕು, ಇದು ನಂಗೆ ತುಂಬಾ ಇಷ್ಟ ಆಯ್ತು.

ಹುಟ್ಟುಹಬ್ಬಕ್ಕೆ ಮುಂಚಿನ ದಿನ ವಿಶ್ ಮಾಡ್ಬೇಡಿ, ಅಪಶಕುನ ಅಂತಾರೆ. ಕೇಕ್ ತರೋದೂ ಹುಟ್ಟುಹಬ್ಬ ಇರೋರೇ. ನಾನು ನನ್ನ ಹುಟ್ಟುಹಬ್ಬಕ್ಕೆ ಆಫೀಸಿಗೆ ಮೈಸೂರ್ ಪಾಕ್ ತಗೊಂಡೋಗಿ ಅಡುಗೆ ಕೋಣೇಲಿಟ್ಟೆ, ಪಕ್ಕದಲ್ಲಿ ಕಡ್ಲೆಹಿಟ್ಟು, ತುಪ್ಪ, ಸಕ್ರೆ ಅಂತ ಒಂದು ಚೀಟಿ, ಯಾಕಂದ್ರೆ ಅಲರ್ಜಿ ಇರೋರು, ಹಾಲು ತುಪ್ಪ ಮುಟ್ಟದೇ ಇರೋರು ನಮ್ಮ ಆಫೀಸಲ್ಲೇ ಇದಾರೆ.