ಮಗುವಿಗೆ ಬೆಕ್ಕಿನ ಅಲರ್ಜಿಯೇ? ಬೆಕ್ಕನ್ನು ಮನೆಯಿಂದ ಕಳಿಸುವ ಮೊದಲು ಇವಿಷ್ಟು ಮಾಡಿ

ಬೆಳಿಗ್ಗೆ ಎದ್ದ ಕೂಡಲೇ ಮಗುವಿಗೆ ಸಾಲು ಸೀನು. ಮೂಗಿನಿಂದ ನೀರು ಸುರಿಯುತ್ತದೆ, ಕಣ್ಣು ಕೆಂಪಾಗಿ ತುರಿಸುತ್ತದೆ, ಜ್ವರ ಮಾತ್ರ ಇಲ್ಲ. ತಿಂಗಳುಗಟ್ಟಲೆ ಇದೇ ನಡೆದಾಗ ಮನೆಯ ಹಿರಿಯರ ಕಣ್ಣು ಬೆಕ್ಕಿನ ಮೇಲೆ ಬೀಳುತ್ತದೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಹಿಡಿಯುತ್ತದೆ ಎಂಬ ಮಾತು ನಮ್ಮಲ್ಲಿ ತಲೆತಲಾಂತರದಿಂದ ಬಂದಿದೆ. ಭಾನುವಾರ ಬೆಕ್ಕು ಗೋಣಿಚೀಲ ಸೇರಿ ಮೀನು ಮಾರುಕಟ್ಟೆಯ ಬಳಿ ಇಳಿಯುತ್ತದೆ, ಮಗು ಅತ್ತು ಅತ್ತು ಮಲಗುತ್ತದೆ. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಸೀನು.

ಅನೇಕ ಮನೆಗಳಲ್ಲಿ ಇಷ್ಟು ದೂರ ಹೋಗಬೇಕಾಗಿಲ್ಲ. ಮಗುವಿಗೆ ಸೌಮ್ಯ ಅಲರ್ಜಿಯಿದ್ದರೆ ಬೆಕ್ಕನ್ನೂ ಉಳಿಸಿಕೊಂಡು ಮಗುವನ್ನೂ ಆರಾಮವಾಗಿಡಲು ಸಾಧ್ಯವಿದೆ. ಆದರೆ ಅದಕ್ಕೆ ಯಾವುದೋ ಒಂದು ಉಪಾಯ ಸಾಲದು. ಮಲಗುವ ಕೋಣೆ, ಸ್ವಚ್ಛತೆ, ಬೆಕ್ಕಿನ ಆರೈಕೆ, ಔಷಧಿ ಎಲ್ಲವೂ ಒಟ್ಟಿಗೆ ನಡೆಯಬೇಕು.

ಕಾರಣ ಬೆಕ್ಕೇ ಎಂಬುದು ಖಚಿತವಾಗಲಿ

ಮಗುವಿನ ಮೂಗನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ತುರಿಕೆ ತಾಳಲಾರದೆ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಿರುವ ಮಕ್ಕಳಲ್ಲಿ, ಮೂಗಿನ ಮೃದು ಭಾಗ ಮೂಳೆಗೆ ಸೇರುವೆಡೆ ಅಡ್ಡಲಾಗಿ ಒಂದು ತೆಳು ಗೆರೆ ಮೂಡಿರುತ್ತದೆ. ಕಣ್ಣಿನ ಕೆಳಗೆ ನಿದ್ದೆಗೆಟ್ಟವರಂತೆ ಕಪ್ಪು ಇರುತ್ತದೆ. ಇವು ಅಲರ್ಜಿಯ ಸುಳಿವುಗಳು ನಿಜ. ಆದರೆ ಯಾವುದರ ಅಲರ್ಜಿ ಎಂಬುದನ್ನು ಇವು ಹೇಳುವುದಿಲ್ಲ. ಹಾಸಿಗೆಯ ದೂಳಿನಲ್ಲಿ ಬದುಕುವ ನುಸಿ, ಜಿರಳೆ, ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಷ್ಟು, ಖಾಲಿ ನಿವೇಶನದಲ್ಲಿ ಬೆಳೆದ ಪಾರ್ಥೇನಿಯಂನ ಪರಾಗ, ಇವೆಲ್ಲವೂ ಹೀಗೆಯೇ ಕಾಡುತ್ತವೆ.

ಕೆಲವು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಸೀನು ಯಾವಾಗ ಬಂತು, ಅದಕ್ಕೂ ಮೊದಲು ಮಗು ಎಲ್ಲಿತ್ತು, ಬೆಕ್ಕನ್ನು ಎತ್ತಿಕೊಂಡಿತ್ತೇ, ಬೆಕ್ಕು ನೆಕ್ಕಿದ ಜಾಗದಲ್ಲಿ ಗಂಧೆ ಎದ್ದಿತೇ. ಆ ಪುಸ್ತಕದೊಂದಿಗೆ ಮಕ್ಕಳ ತಜ್ಞರನ್ನೋ ಅಲರ್ಜಿ ತಜ್ಞರನ್ನೋ ಕಾಣಿ. ಚರ್ಮದ ಮೇಲೆ ಹನಿಯಿಟ್ಟು ಲಘುವಾಗಿ ಚುಚ್ಚುವ ಪರೀಕ್ಷೆಯ ಫಲಿತಾಂಶ 15–20 ನಿಮಿಷಗಳಲ್ಲಿ ಗೊತ್ತಾಗುತ್ತದೆ. ಅಲರ್ಜಿಯ ಮಾತ್ರೆ, ಸಿರಪ್‌ಗಳನ್ನು ಪರೀಕ್ಷೆಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂದು ವೈದ್ಯರನ್ನೇ ಕೇಳಿ. ರಕ್ತಪರೀಕ್ಷೆಗೆ ಈ ತೊಂದರೆಯಿಲ್ಲ. ಒಂದು ಎಚ್ಚರಿಕೆ: ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ತೊಂದರೆಗೆ ಬೆಕ್ಕೇ ಕಾರಣ ಎಂದು ತೀರ್ಮಾನವಾಗುವುದಿಲ್ಲ. ವರದಿಯೂ ನಿಮ್ಮ ನೋಟ್‌ಬುಕ್ಕೂ ಒಂದೇ ಕಡೆ ಬೆರಳು ತೋರಿಸಬೇಕು.

ಬೆಕ್ಕನ್ನು ಒಂದು ವಾರ ನೆಂಟರ ಮನೆಯಲ್ಲಿ ಬಿಟ್ಟು ನೋಡುವ ಪ್ರಯೋಗ ಮಾತ್ರ ಬೇಡ. ಅದರಿಂದ ಏನೂ ತಿಳಿಯುವುದಿಲ್ಲ. ಯಾಕೆ ಎಂಬುದು ಮುಂದಿದೆ.

ತೊಂದರೆ ಕೂದಲಿನದಲ್ಲ

ಬೆಕ್ಕಿನ ಜೊಲ್ಲಿನಲ್ಲಿ ಮತ್ತು ಚರ್ಮದ ಎಣ್ಣೆಗ್ರಂಥಿಗಳಲ್ಲಿ ಫೆಲ್ ಡಿ 1 ಎಂಬ ಪ್ರೋಟೀನ್ ತಯಾರಾಗುತ್ತದೆ. ಬೆಕ್ಕಿನ ಅಲರ್ಜಿಯಿರುವ ಬಹುತೇಕರನ್ನು ಕಾಡುವುದು ಇದೇ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವಾಗ ಈ ಪ್ರೋಟೀನ್ ತುಪ್ಪಳಕ್ಕೆ ಅಂಟಿ, ಒಣಗಿ, ಚರ್ಮದ ಹೊಟ್ಟಿನೊಂದಿಗೆ ಉದುರುತ್ತದೆ. ಇದರ ಕೆಲವು ಕಣಗಳು ಎಷ್ಟು ಸಣ್ಣವೆಂದರೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೂ ಇಳಿಯುತ್ತವೆ. ಸೋಫಾ, ಪರದೆ, ಕೌದಿಗಳಿಗೆ ಅಂಟಿದ್ದು ಬೆಕ್ಕು ಮನೆ ಬಿಟ್ಟ ಮೇಲೂ ನಾಲ್ಕರಿಂದ ಆರು ತಿಂಗಳು ಉಳಿಯಬಹುದು. ಬಟ್ಟೆಗೆ ಹತ್ತಿ ಬೆಕ್ಕೇ ಇಲ್ಲದ ಮನೆಗಳಿಗೂ ಶಾಲೆಗಳಿಗೂ ಹೋಗುತ್ತದೆ. ಕೂದಲು ಕಡಿಮೆಯಿರುವ ದುಬಾರಿ ತಳಿಯನ್ನು ‘ಅಲರ್ಜಿರಹಿತ’ ಎಂದು ಮಾರುವವರನ್ನು ನಂಬಬೇಡಿ. ಈ ಪ್ರೋಟೀನ್ ತಯಾರಿಸದ ತಳಿ ಇಲ್ಲ. ಒಂದು ಬೆಕ್ಕಿಗೂ ಇನ್ನೊಂದಕ್ಕೂ ಪ್ರಮಾಣದಲ್ಲಿ ವ್ಯತ್ಯಾಸವಿರಬಹುದು, ಅಷ್ಟೆ.

ಮಲಗುವ ಕೋಣೆಯ ಬಾಗಿಲು ಮುಚ್ಚಿ

ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ. ಮಗು ದಿನದ ಒಂಬತ್ತು ಹತ್ತು ಗಂಟೆ ಕಳೆಯುವ ಜಾಗ ಅದು. ಆ ಕೋಣೆಗೆ ಬೆಕ್ಕು ಹಗಲಾಗಲಿ ರಾತ್ರಿಯಾಗಲಿ ಕಾಲಿಡಬಾರದು. ‘ಮಗು ಶಾಲೆಗೆ ಹೋದಾಗ ಮಾತ್ರ ಮಲಗಲಿ’ ಎಂಬ ರಿಯಾಯಿತಿಯೂ ಬೇಡ. ಮಧ್ಯಾಹ್ನ ಬೆಕ್ಕು ಸುತ್ತಿಕೊಂಡು ಮಲಗಿದ ದಿಂಬಿಗೇ ರಾತ್ರಿ ಮಗು ಮುಖವಿಡುತ್ತದೆ.

ಮೊದಲ ದಿನ ಕೋಣೆಯನ್ನು ಬರಿದು ಮಾಡಿ. ಹತ್ತಿಯ ಹಾಸಿಗೆ, ದಿಂಬುಗಳನ್ನು ಬಿಸಿಲಿಗೆ ಹಾಕಿ, ಮನೆಯ ಹೊರಗೆ ಚೆನ್ನಾಗಿ ಬಡಿಯಿರಿ. ಆಗ ಮಗು ಹತ್ತಿರವಿರಬಾರದು. ಬಳಿಕ ಅವಕ್ಕೆ ಒತ್ತಾಗಿ ನೇಯ್ದ, ಜಿಪ್ ಇರುವ ಅಲರ್ಜಿ ಕವಚ ಹಾಕಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಸೆಲ್ಸಿಯಸ್ ನೀರಾದರೆ ನುಸಿಗಳೂ ಸಾಯುತ್ತವೆ. ದಪ್ಪ ಪರದೆ, ಜಮಖಾನ, ಮೃದು ಗೊಂಬೆಗಳ ರಾಶಿ ಬೇರೆ ಕಡೆಗೆ ಹೋಗಲಿ. ತುಂಬ ಪ್ರೀತಿಯ ಒಂದು ಗೊಂಬೆಯನ್ನು ಒಗೆದು ಇಟ್ಟುಕೊಳ್ಳಬಹುದು.

ಹಣದ ಅನುಕೂಲವಿದ್ದರೆ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಪದರ) ಇರುವ ಗಾಳಿ ಶುದ್ಧಕವನ್ನು ಇದೇ ಕೋಣೆಯಲ್ಲಿಡಿ. ಆದರೆ ಬೆಕ್ಕು ಅದೇ ಹಾಸಿಗೆಯಲ್ಲಿ ಮಲಗುತ್ತಿರುವಾಗ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವುದು ವ್ಯರ್ಥ.

ಗುಡಿಸುವ ಮೊದಲು ಒರೆಸಿ

ನಮ್ಮ ಮನೆಗಳ ಕೆಂಪು ಗಾರೆ, ಮೊಸಾಯಿಕ್, ಟೈಲ್ಸ್ ನೆಲ ಈ ವಿಷಯದಲ್ಲಿ ದೊಡ್ಡ ವರ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಲ್ಲಿ ಈ ಪ್ರೋಟೀನನ್ನು ತೆಗೆಯುವುದು ಬಲು ಕಷ್ಟ. ನಮಗೆ ಒಂದು ಒದ್ದೆ ಬಟ್ಟೆ ಸಾಕು. ಒಣ ಪೊರಕೆಯಿಂದ ರಭಸವಾಗಿ ಗುಡಿಸಿದರೆ ನೆಲದಲ್ಲಿದ್ದದ್ದು ಮಗುವಿನ ಮೂಗಿನ ಮಟ್ಟಕ್ಕೆ ಏಳುತ್ತದೆ. ಮಗು ಶಾಲೆಗೆ ಹೋದ ಮೇಲೆ, ಕಿಟಕಿ ತೆರೆದು, ಒದ್ದೆ ಬಟ್ಟೆಯಿಂದ ಒರೆಸಿ. ಫ್ಯಾನಿನ ರೆಕ್ಕೆ, ಕಪಾಟಿನ ಮೇಲ್ಭಾಗ, ಬೆಕ್ಕು ಮೈ ಉಜ್ಜುವ ಬಾಗಿಲ ಚೌಕಟ್ಟು ಇವನ್ನು ಮರೆಯಬೇಡಿ. ಸೋಫಾಕ್ಕೆ ಒಗೆಯಬಹುದಾದ ಬಟ್ಟೆ ಹೊದಿಸಿ.

ಒರೆಸುವ ನೀರಿಗೆ ಫಿನಾಯಿಲ್ ಹಾಕಬೇಡಿ. ಅದರಲ್ಲಿರಬಹುದಾದ ಫೀನಾಲ್ ಎಂಬ ರಾಸಾಯನಿಕ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ಹೊಟ್ಟೆಗೆ ಹೋಗುತ್ತದೆ. ಘಾಟು ವಾಸನೆ ಅಲರ್ಜಿಯಿರುವ ಮೂಗನ್ನೂ ಕೆರಳಿಸುತ್ತದೆ. ಸೊಳ್ಳೆಬತ್ತಿ, ಊದಿನಕಡ್ಡಿ, ಸಾಂಬ್ರಾಣಿ ಹೊಗೆಯ ಕಥೆಯೂ ಅದೇ. ದೇವರ ಮುಂದೆ ದೀಪ ಸಾಕು ಎಂದು ಅಜ್ಜಿಯನ್ನು ಪ್ರೀತಿಯಿಂದ ಒಪ್ಪಿಸಿ.

ಬೆಕ್ಕಿಗೆ ಮಾಡಬೇಕಾದದ್ದು

ಗಂಡು ಬೆಕ್ಕಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಚಿಕಿತ್ಸೆಯಾಗದ ಗಂಡು ಬೆಕ್ಕುಗಳಲ್ಲಿ ಈ ಪ್ರೋಟೀನ್ ಹೆಚ್ಚು. ಮೈ ಬಾಚುವ ಕೆಲಸ ಅಂಗಳದಲ್ಲೋ ಬಾಲ್ಕನಿಯಲ್ಲೋ ನಡೆಯಲಿ, ಅದೂ ಅಲರ್ಜಿಯಿಲ್ಲದ ದೊಡ್ಡವರಿಂದ. ಮಲದ ಟ್ರೇ ತೆಗೆಯುವುದೂ ಅವರೇ ಆಗಲಿ. ಸ್ನಾನ ಮಾಡಿಸಿದರೆ ಪ್ರೋಟೀನ್ ತಗ್ಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ನೀರು ಕಂಡರೆ ನಡುಗುವ ಪ್ರಾಣಿಗೆ ವಾರವಾರವೂ ಆ ಹಿಂಸೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಈ ಪ್ರೋಟೀನಿಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಕೋಳಿಮೊಟ್ಟೆಯ ಪ್ರತಿಕಾಯ ಬೆರೆಸಿದ ಬೆಕ್ಕಿನ ಆಹಾರವೊಂದು 2020ರಲ್ಲಿ ವಿದೇಶದ ಮಾರುಕಟ್ಟೆಗೆ ಬಂತು. ತಯಾರಕರ ಅಧ್ಯಯನದಲ್ಲಿ ಮೂರನೇ ವಾರದಿಂದ ಕೂದಲಿನ ಮೇಲಿನ ಸಕ್ರಿಯ ಪ್ರೋಟೀನ್ ಸರಾಸರಿ ಶೇ 47ರಷ್ಟು ಇಳಿದಿತ್ತು. ಸಿಕ್ಕರೆ ಕೊಡಿ, ಆದರೆ ಉಳಿದ ಕ್ರಮಗಳನ್ನು ಬಿಡಬೇಡಿ.

ಮಗುವಿಗೆ ಕಲಿಸಬೇಕಾದದ್ದು

ಬೆಕ್ಕನ್ನು ಮುಟ್ಟಬಾರದು ಎಂದು ಗದರಿದರೆ ಮಗು ಕದ್ದು ಮುಟ್ಟುತ್ತದೆ. ಅದರ ಬದಲು ದಾರದ ತುದಿಗೆ ಚೆಂಡು ಕಟ್ಟಿ ದೂರದಿಂದ ಆಡಿಸುವುದನ್ನು ಕಲಿಸಿ. ಬಟ್ಟಲಿಗೆ ಆಹಾರ ಹಾಕುವ ಜವಾಬ್ದಾರಿ ಕೊಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಅಲ್ಲಿಯವರೆಗೆ ಕಣ್ಣು ಉಜ್ಜದಿರುವುದು, ಮಲಗುವ ಮುನ್ನ ಬಟ್ಟೆ ಬದಲಿಸುವುದು ರೂಢಿಯಾಗಲಿ. ಬೆಕ್ಕು ಅಜ್ಜಿಯ ಮಡಿಲಲ್ಲಿ ಮಲಗಿದ್ದರೆ, ಮಗುವನ್ನು ಮಡಿಲಿಗೆ ಕರೆಯುವ ಮೊದಲು ಅಜ್ಜಿಯೂ ಸೀರೆ ಬದಲಿಸಬೇಕು.

ಔಷಧಿಗೆ ಹೆದರಬೇಡಿ

ಸೆಟಿರಿಜಿನ್‌ನಂತಹ ಮಾತ್ರೆ ಅಥವಾ ಸಿರಪ್, ಮೂಗಿಗೆ ಸ್ಟೆರಾಯ್ಡ್ ಸ್ಪ್ರೇ, ಉಬ್ಬಸವಿದ್ದರೆ ಇನ್ಹೇಲರ್ ಇವನ್ನು ವೈದ್ಯರು ವಯಸ್ಸು, ತೂಕ ನೋಡಿ ಬರೆಯುತ್ತಾರೆ. ಇನ್ಹೇಲರ್ ಒಮ್ಮೆ ಶುರುವಾದರೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ ಎಂಬ ಭಯದಿಂದ ಎಷ್ಟೋ ತಾಯಂದಿರು ಅದನ್ನು ಬೀರುವಿನಲ್ಲಿ ಮುಚ್ಚಿಡುತ್ತಾರೆ. ಅದು ಚಟ ಹಿಡಿಸುವ ವಸ್ತುವಲ್ಲ. ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಬಾಯಿಯಿಂದ ಕೊಡುವ ಔಷಧಿಗಿಂತ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತದೆ. ಚಿಕ್ಕ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆಯನ್ನು ಇನ್ಹೇಲರ್‌ಗೆ ಜೋಡಿಸಿಯೇ ಕೊಡಬೇಕು. ಅಲರ್ಜಿ, ಉಬ್ಬಸಗಳಿಗೆ ಕೊಡುವ ಮಾಂಟೆಲುಕಾಸ್ಟ್ ಎಂಬ ಔಷಧಿ ಬರೆದಿದ್ದರೆ ಮಗುವಿನ ನಿದ್ದೆ, ಸ್ವಭಾವಗಳ ಮೇಲೆ ಕಣ್ಣಿಡಿ. ಕೆಟ್ಟ ಕನಸು, ವಿಪರೀತ ಸಿಟ್ಟು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ದೇಹವನ್ನು ನಿಧಾನವಾಗಿ ಒಗ್ಗಿಸುವ ಇಮ್ಯುನೋಥೆರಪಿಯೂ ಇದೆ. ಅದಕ್ಕೆ ಮೂರರಿಂದ ಐದು ವರ್ಷ ಬೇಕು.

ಉಸಿರೆಳೆಯುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಸೇರುವುದು, ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ತುಟಿ ನೀಲಿಯಾಗುವುದು, ಇನ್ಹೇಲರ್ ಕೊಟ್ಟರೂ ಕಡಿಮೆಯಾಗದಿರುವುದು, ಇವುಗಳಲ್ಲಿ ಯಾವೊಂದು ಕಂಡರೂ 108ಕ್ಕೆ ಕರೆ ಮಾಡಿ.

ಕಳಿಸಲೇಬೇಕಾದಾಗ

ಇಷ್ಟೆಲ್ಲ ಮಾಡಿದರೂ ಉಬ್ಬಸ ಹತೋಟಿಗೆ ಬರದಿದ್ದರೆ, ಮಗು ಆಸ್ಪತ್ರೆ ಸೇರುವಂತಾದರೆ, ಬೆಕ್ಕಿಗೆ ಬೇರೆ ಮನೆ ಹುಡುಕಲೇಬೇಕು. ಇಲ್ಲಿ ಹಟ ಕೂಡದು, ಮಗುವಿನ ಉಸಿರು ಮೊದಲು. ಆದರೆ ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಒಡ್ಡಿ ಬೀದಿಗೆ ಬಿಡುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಪ್ರಕಾರ ಅಪರಾಧ. ಚಿಕ್ಕಪ್ಪನದೋ ಅತ್ತೆಯದೋ ಮನೆ, ಪರಿಚಯದ ಪಶುವೈದ್ಯರು ಸೂಚಿಸಿದ ಕುಟುಂಬ ಸಿಕ್ಕರೆ ಲಸಿಕೆಯ ಕಾರ್ಡು, ಬಟ್ಟಲು, ಅದು ಮಲಗುತ್ತಿದ್ದ ಬಟ್ಟೆಯನ್ನೂ ಜೊತೆಗೆ ಕಳಿಸಿ. ನಿನ್ನಿಂದಾಗಿ ಬೆಕ್ಕು ಹೋಯಿತು ಎಂಬ ಮಾತು ಮಗುವಿನ ಕಿವಿಗೆ ಬೀಳದಿರಲಿ. ಬೆಕ್ಕು ಹೋದ ವಾರವೇ ಪರದೆ, ಸೋಫಾ ಬಟ್ಟೆ, ಹೊದಿಕೆಗಳನ್ನೆಲ್ಲ ಒಗೆಯಿರಿ. ಮನೆಯೊಳಗಿನ ಪ್ರೋಟೀನ್ ಇಳಿಯಲು ತಿಂಗಳುಗಳೇ ಬೇಕಾದ್ದರಿಂದ, ವೈದ್ಯರು ಹೇಳುವವರೆಗೆ ಯಾವ ಔಷಧಿಯನ್ನೂ ನಿಲ್ಲಿಸಬೇಡಿ.